ಕೆಂಪು ಹಲಗೆ

ನನ್ನ ಗಂಡನ ಹೆಸರನ್ನು ಕಾಲೇಜಿನ ಈಜುಕೊಳದ ಕಟ್ಟಡದ ಮೇಲೆ ಹಾಕಿಸಿದ್ದಾರೆ. ಮೊಳದುದ್ದದ ಕಬ್ಬಿಣದ ಅಕ್ಷರಗಳು, ಪೋಸ್ಟಾಫೀಸಿನ ಹತ್ತಿರದಿಂದಲೇ ಕಾಣುತ್ತವೆ. ದಿನಸಿ ಅಂಗಡಿಯಲ್ಲಿ ಸಿಕ್ಕವರೆಲ್ಲ "ಏನ್ ಲೊರೇನ್, ಹೆಮ್ಮೆ ಆಗ್ತಿರಬೇಕಲ್ಲ!" ಅಂತಾರೆ. ನಾನು ಹೂಂ ಅಂದು ಗಾಡಿ ತಳ್ಳಿಕೊಂಡು ಮುಂದಿನ ಸಾಲಿಗೆ ಹೋಗ್ತೀನಿ. ಹೆಮ್ಮೆಯಂತೆ ಹೆಮ್ಮೆ! ಆ ಕಟ್ಟಡದ ಕಡೆ ತಲೆಯೆತ್ತಿ ನೋಡೋಕೆ ನನಗೆ ನಾಚಿಕೆಯಾಗುತ್ತೆ.

ಹಾಗಂತ ಹ್ಯಾರ್ಲನ್ ಟ್ವೈಟ್ ಕೆಲಸಕ್ಕೆ ಬಾರದವನು ಅಂತ ತಿಳಿಯಬೇಡಿ. ಅವನಂಥ ಈಜು ಕೋಚ್ ಮಿನೆಸೋಟಾದಲ್ಲಿ ಇನ್ನೊಬ್ಬನಿಲ್ಲ. ಹೆಂಡತಿ ಅಂತ ಹೇಳುತ್ತಿಲ್ಲ, ಅವನ ಒದ್ದೆ ಟವೆಲುಗಳನ್ನು ಮೂವತ್ತು ವರ್ಷ ಒಗೆದವಳಾಗಿ ಹೇಳುತ್ತಿದ್ದೇನೆ. ನಾವು ಮದುವೆಯ ಹೊಸದರಲ್ಲಿ ಹಾಲ್ವರ್ಸನ್ ಕಾಲೇಜಿಗೆ ಬಂದಾಗ ಕೊಳದ ಗೋಡೆಯಿಂದ ಟೈಲುಗಳು ಉದುರುತ್ತಿದ್ದವು. ಹುಡುಗಿಯರ ತಂಡ ಅಂದರೆ ಒಂದು ಬೆಂಚಿಗೆ ಸಾಕಾಗುವಷ್ಟು ಜನ. ದೊಡ್ಡ ಊರಿನ ಕಾಲೇಜುಗಳು ಒಳ್ಳೊಳ್ಳೆ ಈಜುಗಾರ್ತಿಯರನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದವು. ಇವನು ಏನು ಮಾಡಿದ ಗೊತ್ತೇ? ಹಸು ಸಾಕುವ ಮನೆಗಳಿಗೆ ಹೋದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಪ್ಪಂದಿರ ಹತ್ತಿರ ಮಾತಾಡಿದ. "ಹಾಲು ಕರೆದು ಬೆಳೆದ ಹುಡುಗಿಗೆ ಭುಜ ಗಟ್ಟಿ, ಗೊಣಗಾಟ ಕಮ್ಮಿ. ಬೆಳಗಿನ ಜಾವ ಏಳು ಅಂದ್ರೆ ಅಳಲ್ಲ," ಅನ್ನುತ್ತಿದ್ದ. ಮೊದಮೊದಲು ಬೇರೆ ಕೋಚುಗಳು ಅವನ ತಂಡಕ್ಕೆ ಕೊಟ್ಟಿಗೆ ತಂಡ ಅಂತ ಹೆಸರಿಟ್ಟು ನಕ್ಕರು. ಆಮೇಲೆ ಆ ಕೊಟ್ಟಿಗೆ ತಂಡ ಸುತ್ತಲಿನ ಕಾಲೇಜುಗಳ ಲೀಗಿನ ಗೆಲುವಿನ ಕಪ್ಪನ್ನು ಒಂದಾದ ಮೇಲೊಂದು ವರ್ಷ ಮನೆಗೆ ಹೊತ್ತು ತಂದಿತು. ಎಷ್ಟು ವರ್ಷ ಅಂದರೆ, ಕಪ್ಪು ಕೈತಪ್ಪಬಹುದು ಅನ್ನುವುದೇ ಊರಿಗೆ ಮರೆತುಹೋಯಿತು.

ಅವನ ಎರಡು ಅಭ್ಯಾಸಗಳನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಆದದ್ದೆಲ್ಲ ಅವುಗಳಿಂದಲೇ.

ಒಂದು, ತಂಡ ಎಲ್ಲಾದರೂ ಸೋತರೆ ಮಕ್ಕಳ ಹೆಸರು ಎತ್ತುತ್ತಿರಲಿಲ್ಲ. ಪತ್ರಿಕೆಯವರು ಕೇಳಲಿ, ಅಪ್ಪ ಅಮ್ಮಂದಿರು ಕೇಳಲಿ, "ತಪ್ಪು ನನ್ನದು" ಅನ್ನುತ್ತಿದ್ದ. ಹುಡುಗಿ ಜ್ವರ ಬಂದು ಮಲಗಿದ್ದರೂ ತಪ್ಪು ಅವನದೇ, ಬಸ್ಸು ಹಿಮದಲ್ಲಿ ಹೂತುಕೊಂಡರೂ ಅವನದೇ. ಕೇಳಿ ಕೇಳಿ ಹುಡುಗಿಯರಿಗೆ ಅದೊಂದು ತಮಾಷೆಯಾಗಿತ್ತು. ಊಟದ ಮನೆಯಲ್ಲಿ ಸೂಪು ಆರಿಹೋಗಿದ್ದರೆ "ತಪ್ಪು ಕೋಚಿಂದೇ!" ಅಂತ ಕೂಗುತ್ತಿದ್ದರು.

ಇನ್ನೊಂದು, ಎಣಿಕೆ. ನಮ್ಮ ಈಜಿನಲ್ಲಿ ಎಲ್ಲಕ್ಕಿಂತ ಉದ್ದದ ಸ್ಪರ್ಧೆ ಒಂದು ಮೈಲಿಯದು. ಅರವತ್ತಾರು ಸಲ ಕೊಳದ ಉದ್ದ ಈಜಬೇಕು. ನೀರೊಳಗೆ ಮುಖ ಹಾಕಿಕೊಂಡವರಿಗೆ ಲೆಕ್ಕ ತಪ್ಪುತ್ತೆ. ಅದಕ್ಕೆ ಪ್ರತಿ ಈಜುಗಾರ್ತಿಗೂ ಅವಳ ಕಡೆಯವರೊಬ್ಬರು ಅವಳು ಹೊರಟ ಕಡೆಗೆ ಎದುರಿನ ತುದಿಯಲ್ಲಿ ಮಂಡಿಯೂರಿ, ಸಂಖ್ಯೆ ಬರೆದ ಹಲಗೆಯನ್ನು ನೀರಿಗೆ ಅದ್ದಿ ತೋರಿಸುತ್ತಾರೆ. ಅವಳು ಬಂದು ತಿರುಗಿದ ಹಾಗೆಲ್ಲ ಸಂಖ್ಯೆ ಮಗುಚಬೇಕು. ಕೊನೆಯ ಉದ್ದಕ್ಕೆ ಸಂಖ್ಯೆ ಇಲ್ಲ, ಪೂರಾ ಕೆಂಪು. ಕೆಂಪು ಕಂಡರೆ ಉಳಿದಿರೋ ಉಸಿರೆಲ್ಲ ಸುರಿದುಬಿಡು ಅಂತ ಅರ್ಥ. ಬೇರೆ ಕಾಲೇಜುಗಳಲ್ಲಿ ಈ ಕೆಲಸವನ್ನು ಯಾರಾದರೂ ಜೊತೆಗಾರ್ತಿ ಮಾಡುತ್ತಾಳೆ. ನಮ್ಮಲ್ಲಿ ಕೊನೆಯ ವರ್ಷದ ಹುಡುಗಿಯ ಲೀಗಿನ ಕೊನೆಯ ಮೈಲಿಗೆ ಹಲಗೆ ಹಿಡಿಯುವವನು ಹ್ಯಾರ್ಲನ್ನೇ. ಅದು ಅವನು ಅವರಿಗೆ ಕೊಡುವ ಬೀಳ್ಕೊಡುಗೆ. ಮಂಡಿಗೆ ಒತ್ತಬಾರದು ಅಂತ ನಾನೊಂದು ದಿಂಬು ಹೊಲಿದುಕೊಟ್ಟಿದ್ದೆ, ಅದರ ಗವುಸು ಹರಿದ ಹಾಗೆಲ್ಲ ಬದಲಾಯಿಸುತ್ತಿದ್ದೆ.

ಹಲಗೆ ತೋರಿಸಿದರೂ ಒಂದು ಮಾತು ಮಾತ್ರ ಅವರ ತಲೆಗೆ ತುಂಬುತ್ತಿದ್ದ: "ಎಣಿಸೋ ಜವಾಬ್ದಾರಿ ಈಜೋರದು. ಹಲಗೆ ಮೇಲೆ ತಪ್ಪು ಹೊರಿಸೋರು ನನ್ನ ತಂಡದಲ್ಲಿ ಬೇಡ." ನಿಯಮವೂ ಹಾಗೇ ಇದೆ. ತೋರಿಸಿದವರು ತಪ್ಪಿದರೂ ಅನುಭವಿಸುವುದು ನೀರಲ್ಲಿರುವವಳು.

ಹೋದ ಫೆಬ್ರವರಿಯಲ್ಲಿ ಲೀಗಿನ ಪಂದ್ಯ ನಮ್ಮ ಕೊಳದಲ್ಲೇ ನಡೆಯಿತು. ಮೈಲಿಯಲ್ಲಿ ನಮ್ಮವಳು ಬ್ರಿಟಾ ನೈಸ್ಟ್ರಾಮ್. ಕೊನೆಯ ವರ್ಷದವಳು, ಅವಳೂ ಹಸು ಸಾಕುವ ಮನೆಯವಳೇ. ಅಗಲ ಭುಜ, ಮಾತು ಕಮ್ಮಿ. ಭಾನುವಾರ ನಮ್ಮನೆಗೆ ಬಂದರೆ ಕೇಳದೆಯೇ ಆಲೂಗಡ್ಡೆ ಸುಲಿಯೋಕೆ ಕೂರೋಳು. ಒಂದು ಸಲ "ಮಿಸೆಸ್ ಟಿ, ಕೋಚ್ ಮನೇಲೂ ಹೀಗೇನಾ?" ಅಂತ ಕೇಳಿದಳು. "ಹೀಗೇ ಅಂದ್ರೆ?" ಅಂದೆ. "ಇಷ್ಟು ಒಳ್ಳೆಯವ್ರಾ?" ಅಂದಳು. ಗೊರಕೆ ಹೊಡೀತಾರೆ, ಅದೊಂದು ಬಿಟ್ಟರೆ ಹೌದು ಅಂದಿದ್ದೆ.

ಅವತ್ತು ಮೈಲಿಯಲ್ಲಿ ಅವಳು ಗೆದ್ದರೆ ಕಪ್ಪು ನಮ್ಮದು. ಅವಳಿಗೂ ರಾಷ್ಟ್ರಮಟ್ಟದ ಪಂದ್ಯಕ್ಕೆ ಹೋಗೋ ಅವಕಾಶ, ಅವರ ಮನೆತನದಲ್ಲೇ ವಿಮಾನ ಹತ್ತುವ ಮೊದಲನೆಯವಳು. ಗೆದ್ದ ದಿನ ಕೋಚನ್ನು ಬಟ್ಟೆ ಸಮೇತ ನೀರಿಗೆ ನೂಕುವುದು ನಮ್ಮ ಹುಡುಗಿಯರ ಪದ್ಧತಿ. ಹ್ಯಾರ್ಲನ್ ಸ್ಪರ್ಧೆಗೆ ಮುಂಚೆಯೇ ಗಡಿಯಾರ, ಪರ್ಸು ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗಿದ್ದ. "ಇಷ್ಟು ಬೇಗ್ಲೇನಾ?" ಅಂದೆ. "ಆಮೇಲೆ ಎಲ್ಲಿ ಬಿಡ್ತಾರೆ," ಅಂತ ನಕ್ಕ.

ನಾನು ಕೂತಿದ್ದು ಅವನು ಮಂಡಿಯೂರಿದ್ದ ತುದಿಯ ನೇರ ಮೇಲೆ. ಬ್ರಿಟಾ ಮೊದಲಿಂದಲೂ ಮುಂದೆ ಇದ್ದಳು. ಸ್ಪರ್ಧೆ ಇನ್ನೇನು ಮುಗಿಯಬೇಕು, ಕಿವಿ ಕಿತ್ತುಹೋಗುವ ಗದ್ದಲ. ಆಗ ಒರ್ಬೆಕ್ ಬಂದ. ಡೆನಿಸ್ ಒರ್ಬೆಕ್ ಅಂದರೆ ಜಲ್ಲಿ ಕಂಪನಿಯ ಒಡೆಯ, ಕಾಲೇಜಿನ ಆಡಳಿತ ಮಂಡಲಿಯಲ್ಲಿ ಅವನ ಮಾತೇ ಮಾತು. ಒಳ್ಳೇ ಸೂಟು ಹಾಕಿಕೊಂಡು ಆ ಒದ್ದೆ ನೆಲದ ಮೇಲೆ ನಡೆದುಕೊಂಡು ಬಂದು ಹ್ಯಾರ್ಲನ್ನನ ಕಿವಿಗೆ ಬಗ್ಗಿ ಏನೋ ಹೇಳಿದ. ಏನಂತ ಆಮೇಲೆ ತಿಳಿಯಿತು: "ಮಂಡಲಿ ಒಪ್ತು ಕಣಯ್ಯ. ಕೊಳಕ್ಕೆ ನಿನ್ನ ಹೆಸರೇ." ನನ್ನ ಗಂಡ ನೀರಿನಿಂದ ಮುಖ ತಿರುಗಿಸಿದ. ಅವನ ಮುಖ ಅರಳಿದ್ದು ನನಗೆ ಅಲ್ಲಿಂದಲೇ ಕಂಡಿತು. ಬಲಗೈ ಎತ್ತಿ ಒರ್ಬೆಕ್ಕನ ಕೈ ಹಿಡಿದು ಕುಲುಕಿದ. ಕುಲುಕಿದ ಅಂದರೆ ಬಿಡಲೇ ಇಲ್ಲ, ಕುಲುಕುತ್ತಲೇ ಇದ್ದ. ಅಯ್ಯೋ ಪುಣ್ಯಾತ್ಮ, ನೀರು ನೋಡೋ, ನೀರು ನೋಡು ಅಂತ ನಾನು ಮೇಲೆ ಕೂತು ಹಲ್ಲು ಕಚ್ಚುತ್ತಿದ್ದೆ. ಬ್ರಿಟಾ ಹತ್ತಿರ ಬಂದೇಬಿಟ್ಟಿದ್ದಳು. ಗಡಬಡಿಸಿ ತಿರುಗಿದವನು ಒಂದು ಸಲ ಮಗುಚೋ ಕಡೆ ಎರಡು ಸಲ ಮಗುಚಿ ಹಲಗೆ ಅದ್ದಿದ.

ಕೆಂಪು.

ಅವಳು ತಿರುಗಿ ಗೋಡೆ ಒದ್ದು ಹೋದ ಮೇಲೆ ತನ್ನ ಕೈ ನೋಡಿಕೊಂಡ. ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಸಂಖ್ಯೆಯನ್ನು ಹಿಂದಕ್ಕೆ ಮಗುಚಿಟ್ಟ. ಅಕ್ಕಪಕ್ಕದಲ್ಲಿ ಮಂಡಿಯೂರಿದ್ದವರಿಗೆ ತಮ್ಮ ತಮ್ಮ ಹುಡುಗಿಯರದೇ ಚಿಂತೆ. ನೋಡಿದವಳು ನಾನೊಬ್ಬಳೇ.

ಬ್ರಿಟಾ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು ಹೋಗಿ ಆ ಕಡೆಯ ಗೋಡೆ ಮುಟ್ಟಿದಳು. ನಿಂತಳು. ಗಾಗಲ್ಸು ಕಿತ್ತು ನಗುತ್ತಾ ಮೇಲೆ ನೋಡಿದಳು. ಸರಿಯಾಗಿ ಆಗಲೇ ಅವಳ ತಲೆಯ ಮೇಲೆ ಗಂಟೆ ಹೊಡೆದರು. ಇನ್ನೂ ಎರಡು ಉದ್ದ ಬಾಕಿ ಇದೆ ಅಂತ ಮುಂದಿರುವವಳಿಗೆ ಹೊಡೆಯುವ ಗಂಟೆ ಅದು. ಜೊತೆಯ ಹುಡುಗಿಯರೆಲ್ಲ "ಹೋಗು! ಹೋಗು!" ಅಂತ ಕಿರುಚಿದರು. ಅವಳಿಗೆ ಅರ್ಥವಾಗಲು ಒಂದಷ್ಟು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಪಕ್ಕದ ಸಾಲುಗಳವರು ದಾಟಿಹೋದರು. ಮತ್ತೆ ಹೊರಟಳು, ಆದರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಹಿಂದಿನಿಂದ ಎಣಿಸುವಷ್ಟು ಹಿಂದೆ ಬಿದ್ದಳು. ಕಪ್ಪು ಹೋಯಿತು.

ನೀರಿನಿಂದ ಮೇಲೆ ಬಂದವಳು ನಡುಗುತ್ತಿದ್ದಳು. "ಕೋಚ್, ನಂಗೆ ಕೆಂಪು ಕಾಣಿಸ್ತು," ಅಂದಳು. ಅಷ್ಟು ಹೊತ್ತಿಗೆ ನಾನೂ ಕೆಳಗಿಳಿದು ಹತ್ತಿರ ಬಂದಿದ್ದೆ. ನನ್ನ ಗಂಡ ಅವಳ ಭುಜದ ಮೇಲೆ ಟವೆಲು ಹೊದಿಸಿ ಬೆನ್ನು ತಟ್ಟಿದ. "ಆ ನೊರೇಲಿ ಕಣ್ಣಿಗೆ ಏನೇನೋ ಕಾಣುತ್ತೆ ಮಗೂ. ಹೋಗ್ಲಿ ಬಿಡು." ಎಷ್ಟು ಮೆತ್ತಗೆ ಹೇಳಿದ ಅಂದರೆ, ಗೊತ್ತಿಲ್ಲದವರು ಕೇಳಿದ್ದರೆ ಎಂಥಾ ಕರುಳು ಅನ್ನಬೇಕು. ಅವಳು ತಲೆ ತಗ್ಗಿಸಿ, "ನಾನೇ ಎಣಿಸಬೇಕಿತ್ತು ಕೋಚ್," ಅಂದಳು. ಅವನೇ ಕಲಿಸಿದ ಪಾಠ ತಾನೇ! ಜೊತೆಯ ಹುಡುಗಿಯರಲ್ಲಿ ಒಬ್ಬಳೂ ಅವಳ ಹತ್ತಿರ ಬರಲಿಲ್ಲ. ನನ್ನ ಕೈಚೀಲದಲ್ಲಿ ಅವನ ಗಡಿಯಾರ ಇತ್ತು, ಅದನ್ನು ಕೊಳಕ್ಕೆ ಎಸೆಯೋಣ ಅನ್ನಿಸಿತು.

ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಕೇಳಿದೆ. "ಹ್ಯಾರ್ಲನ್, ನಾನು ನೋಡ್ದೆ."

"ಏನು ನೋಡ್ದೆ?"

"ನಾಟಕ ಆಡಬೇಡ ನನ್ನ ಹತ್ರ. ಕೈ ಕುಲುಕಿದ್ದೂ ನೋಡ್ದೆ, ಕೆಂಪು ತೋರಿಸಿದ್ದೂ ನೋಡ್ದೆ, ಕಳ್ಳನ ಥರ ವಾಪಸ್ ಮಗುಚಿದ್ದೂ ನೋಡ್ದೆ."

ಅಡುಗೆಮನೆಯ ಕುರ್ಚಿಯ ಮೇಲೆ ದೊಪ್ಪನೆ ಕೂತ. ಷೂ ಬಿಚ್ಚತೊಡಗಿದ. "ಈಗ ಹೇಳಿದ್ರೆ ಕಪ್ಪು ವಾಪಸ್ ಬರುತ್ತಾ? ನಿಯಮ ನಿಯಮಾನೇ. ಯಾರು ತೋರಿಸಿದ್ರೇನು, ಅವಳು ನಿಂತಿದ್ದು ನಿಂತಿದ್ದೇ," ಅಂದ.

"ಕಪ್ಪಿನ ಮನೆ ಹಾಳಾಗಲಿ! ಆ ಹುಡುಗಿಗೆ ಕಣ್ಣು ಸರಿಯಿಲ್ಲ ಅಂದ್ಯಲ್ಲ, ಅದಕ್ಕೇನು ಹೇಳ್ತೀಯ?"

"ಹೇಳ್ತೀನಿ ಲೊರೇನ್. ಸಮಯ ನೋಡಿ ಹೇಳ್ತೀನಿ."

ಸಮಯ ನೋಡುತ್ತಲೇ ಇದ್ದ. ಹಿಮ ಕರಗಲು ಶುರುವಾಯಿತು. ಬ್ರಿಟಾ ಭಾನುವಾರ ಬರುವುದು ನಿಲ್ಲಿಸಿದಳು. ಕಾಲೇಜಿನ ಊಟದ ಮನೆಯಲ್ಲಿ ಒಬ್ಬಳೇ ಕೂರುತ್ತಾಳಂತೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ ಅಂತ ಬೇರೆ ಹುಡುಗಿಯರ ಬಾಯಿಂದ ಕೇಳಿದೆ. ಕಣ್ಣಿನ ಡಾಕ್ಟರು! ಅದನ್ನು ಕೇಳಿದ ದಿನ ನನಗೆ ಅನ್ನ ನೀರು ಸೇರಲಿಲ್ಲ. ಗಂಡನ ಎದುರು ಹೋಗಿ ನಿಂತೆ. "ಬರೋ ಭಾನುವಾರ ತಂಡದ ಔತಣ ಇದೆಯಲ್ಲ, ಅಲ್ಲಿ ಮೈಕಿನ ಮುಂದೆ ನೀನು ಹೇಳ್ತೀಯೋ, ಇಲ್ಲಾ ನಾನು ಹೇಳ್ಲೋ?"

ಅವನ ಮುಖ ಸುಣ್ಣದ ಹಾಗಾಯಿತು. "ನಾನೇ ಹೇಳ್ತೀನಿ," ಅಂದ. ನಂಬಿದೆ. ಹಿಂದೆ ಯಾವತ್ತೂ ಮಾತು ತಪ್ಪಿದವನಲ್ಲ.

ಔತಣ ಅಂದರೆ ಚರ್ಚಿನಿಂದ ನೇರ ಕಾಲೇಜಿನ ಊಟದ ಮನೆಗೆ. ಕಾಡಕ್ಕಿ ಸೂಪು, ಹಂದಿಮಾಂಸ, ತಾಯಂದಿರು ಮನೆಯಿಂದ ಮಾಡಿ ತಂದ ಸಿಹಿ. ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಹಳೆಯ ಈಜುಗಾರ್ತಿಯರು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಬ್ರಿಟಾಳ ಅಪ್ಪ ಅಮ್ಮ ಗೋಡೆಯ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು, ಮಗಳು ಯಾರದೋ ಗಂಟು ಕದ್ದವಳ ಹಾಗೆ. ಒರ್ಬೆಕ್ ಎದ್ದು ಕೊಳಕ್ಕೆ ಹೆಸರಿಡುವ ವಿಷಯ ಹೇಳಿದಾಗ ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಆಮೇಲೆ ಹ್ಯಾರ್ಲನ್ ಮೈಕಿನ ಮುಂದೆ ಬಂದ.

ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡ. ಈಗ ಹೇಳ್ತಾನೆ ಅಂದುಕೊಂಡೆ. ಸುಳ್ಳು ಯಾಕೆ, ನನಗೆ ಆಗ ಅವನ ಮೇಲೆ ಪ್ರೀತಿ ಉಕ್ಕಿಬಂತು.

"ಈ ವರ್ಷ ಕಪ್ಪು ಹೋಯ್ತು," ಅಂದ. "ಎಲ್ಲರೂ ಬ್ರಿಟಾ ಕಡೆ ನೋಡ್ತಿದೀರ. ನೋಡಬೇಡಿ. ಅವತ್ತು ಮೈಲೀಲಿ ಆಗಿದ್ದು ಅವಳ ತಪ್ಪಲ್ಲ." ಒಂದು ಗುಟುಕು ನೀರು ಕುಡಿದ. ಒರ್ಬೆಕ್ಕನ ಕಡೆ ನೋಡಿದ. ಮತ್ತೆ ಜನರ ಕಡೆ ನೋಡಿದ. "ತಪ್ಪು ನನ್ನದು. ಪೂರಾ ನನ್ನದು."

ಹಿಂದಿನಿಂದ ಯಾವಳೋ ಹಳೆಯ ಹುಡುಗಿ, "ಸೂಪು ಆರಿದ್ದೂ ಕೋಚಿನ ತಪ್ಪೇ!" ಅಂತ ಕೂಗಿದಳು. ಇಡೀ ಕೋಣೆ ನಕ್ಕಿತು. ಇನ್ಯಾರೋ "ಇದಪ್ಪಾ ನಮ್ಮ ಕೋಚ್ ಅಂದ್ರೆ!" ಅಂದರು. ಒಬ್ಬೊಬ್ಬರಾಗಿ ಎದ್ದು ನಿಂತರು, ಕಣ್ಣು ಒರೆಸಿಕೊಂಡು ಚಪ್ಪಾಳೆ ತಟ್ಟಿದರು. ಮೈಲಿಯಲ್ಲಿ ಕಪ್ಪು ಕಳೆದ ಹುಡುಗಿಯ ಪಾಪವನ್ನೂ ತನ್ನ ತಲೆಗೆ ಹಾಕಿಕೊಂಡ ದೊಡ್ಡ ಮನುಷ್ಯ! ಬ್ರಿಟಾಳ ಅಪ್ಪ ಹೋಗಿ ಅವನ ಎರಡೂ ಕೈ ಹಿಡಿದು "ಉಪಕಾರ ಆಯ್ತು ಕೋಚ್" ಅಂದ. ನನ್ನ ಗಂಡ ಆ ಕೈ ಬಿಡಿಸಿಕೊಳ್ಳಲಿಲ್ಲ. ಬ್ರಿಟಾಳೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಕೂತಿದ್ದವಳು ನಾನೊಬ್ಬಳೇ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಬಂದು ಪಕ್ಕದಲ್ಲಿ ಕೂತ. "ಹೇಳ್ದೆ," ಅಂತ ಪಿಸುಗುಟ್ಟಿದ.

"ಏನು ಹೇಳ್ದೆ?"

"ತಪ್ಪು ನನ್ನದು ಅಂತ."

"ಅದನ್ನ ಮೂವತ್ತು ವರ್ಷದಿಂದ ಹೇಳ್ತಿದೀಯ. ಕೆಂಪು ತೋರಿಸ್ದೆ ಅಂದ್ಯಾ? ಕೈ ಕುಲುಕ್ತಾ ಇದ್ದೆ ಅಂದ್ಯಾ?"

"ಅವರು ಕೇಳಿಸ್ಕೊಳ್ಳಲಿಲ್ಲ ಲೊರೇನ್, ನಾನೇನು ಮಾಡ್ಲಿ?"

"ಅವರು ಕೇಳಿಸಿಕೊಳ್ಳದೇ ಇರೋ ಹಾಗೆ ಹೇಳ್ದೆ ನೀನು!"

ಜನ ಎದ್ದು ಹೊರಟರು. ಕುರ್ಚಿ ಮಡಚುವ ಸದ್ದು. ಆಗ ಬ್ರಿಟಾ ನಮ್ಮ ಮೇಜಿನ ಹತ್ತಿರ ಬಂದಳು. ಸೊರಗಿಹೋಗಿದ್ದಳು. ನನ್ನ ಗಂಡನಿಗೆ, "ಕೋಚ್, ನನಗೋಸ್ಕರ ನೀವು ಹಾಗೆ ಹೇಳಬಾರದಿತ್ತು," ಅಂದಳು. "ಇನ್ಮೇಲೆ ಎಲ್ಲರೂ ನನ್ನ ಹತ್ರ ಒಳ್ಳೇತನದಿಂದ ಇರ್ತಾರೆ. ನೀವು ಹೇಳಿದ್ರಿ ಅಂತ. ಬೈದಿದ್ರೇ ವಾಸಿಯಾಗಿತ್ತು."

ಅವನು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಅವಳು ನನ್ನ ಕಡೆ ತಿರುಗಿದಳು. "ಮಿಸೆಸ್ ಟಿ, ಅವತ್ತು ನೀವು ಆ ತುದೀಲೇ ಕೂತಿದ್ರಿ. ಒಂದೇ ಒಂದು ಮಾತು ಕೇಳ್ಲಾ? ಕಪ್ಪಿಗಲ್ಲ, ಯಾರಿಗೂ ಹೇಳಲ್ಲ. ನಂಗೆ ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ನಂಗೇನಾದ್ರೂ ತಲೆ ಕೆಟ್ಟಿದ್ಯಾ ಅಂತ ಭಯ. ನಾನು ನೋಡಿದ್ದು ಕೆಂಪೇ ಅಲ್ವಾ?"

ನಾನು ಗಂಡನ ಮುಖ ನೋಡಿದೆ. ಅವನಿಗೆ ಅವಕಾಶ ಬಿಟ್ಟೆ. ದೇವರಾಣೆ, ಬೇಕಾದಷ್ಟು ಬಿಟ್ಟೆ. ಅವನು ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸುತ್ತಾ, "ಎಲ್ಲರ ಎದುರಿಗೇ ಹೇಳಿದೆನಲ್ಲಮ್ಮ, ಮತ್ತೆ ಯಾಕೆ ಅದನ್ನ..." ಅಂದ.

"ಕೆಂಪೇ ಕಣಮ್ಮ," ಅಂದೆ. "ಒರ್ಬೆಕ್ ಬಂದು ಕೊಳಕ್ಕೆ ಹೆಸರಿಡ್ತೀವಿ ಅಂದ. ಇವರು ಅವನ ಕೈ ಕುಲುಕ್ತಾ ನಿನ್ನನ್ನ ಮರೆತ್ರು. ಎರಡು ಸಲ ಮಗುಚಿ ಕೆಂಪು ತೋರಿಸಿದ್ರು. ನೀನು ಆ ಕಡೆ ಹೋದ ಮೇಲೆ ವಾಪಸ್ ತಿರುಗಿಸಿಟ್ರು. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ತಬ್ಬಿಕೊಳ್ಳಬಹುದಿತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆಮೇಲೆ ಹ್ಯಾರ್ಲನ್ ಕಡೆ ನೋಡಿದಳು.

"ನಾನು ಎಣಿಸ್ತಾ ಇದ್ದೆ ಕೋಚ್," ಅಂದಳು. "ನೀವು ಹೇಳಿಕೊಟ್ಟ ಹಾಗೇ, ಒಂದೊಂದೂ ಎಣಿಸ್ತಾ ಇದ್ದೆ. ನನ್ನ ಲೆಕ್ಕದಲ್ಲಿ ಇನ್ನೂ ಬಾಕಿ ಇತ್ತು. ನಿಮ್ಮ ಕೈಲಿ ಕೆಂಪು ಕಾಣಿಸ್ತು. ಕೋಚ್ ತೋರಿಸ್ತಿದಾರೆ ಅಂದ್ಮೇಲೆ ನಾನೇ ತಪ್ಪಿರಬೇಕು ಅಂತ ನನ್ನ ಲೆಕ್ಕ ಬಿಟ್ಟೆ."

ಕೋಟು ಹಾಕಿಕೊಂಡಳು. ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು. ಅವನ ಕಡೆ ತಿರುಗದೆ ಹೊರಟುಹೋದಳು.

ನನ್ನ ಗಂಡ ಉಪ್ಪಿನ ಡಬ್ಬಿ ಹಿಡಿದುಕೊಂಡು ಹಾಗೇ ಕೂತಿದ್ದ. ನೋಡನೋಡುತ್ತಾ ಮುದುಕನಾದ ಹಾಗಿದ್ದ. ಆಮೇಲೆ ಎದ್ದವನೇ ಬಾಗಿಲ ಬಳಿ ಟೋಪಿ ಹಾಕಿಕೊಳ್ಳುತ್ತಿದ್ದ ಒರ್ಬೆಕ್ಕನ ಹತ್ತಿರ ಓಡುವ ಹಾಗೆ ಹೋದ. ಈ ಸಲ ಒಂದೂ ಬಿಡದೆ ಹೇಳಿದ. ನಾನೂ ಹಿಂದೆಯೇ ಹೋಗಿದ್ದೆ, ಕಿವಿಯಾರೆ ಕೇಳಿದೆ. ಕೈ ಕುಲುಕಿದ್ದು, ಕೆಂಪು, ಹಿಂದಕ್ಕೆ ಮಗುಚಿದ್ದು, ಹುಡುಗಿಗೆ ನೊರೆಯ ಕಥೆ ಕಟ್ಟಿದ್ದು. "ನನ್ನ ಹೆಸರು ಹಾಕಬೇಡ ಡೆನಿಸ್. ನಿನ್ನ ಕಾಲಿಗೆ ಬೀಳ್ತೀನಿ," ಅಂದ.

ಒರ್ಬೆಕ್ ತಲೆ ಹಿಂದಕ್ಕೆ ಹಾಕಿ ನಕ್ಕ. ಅವನ ಕಣ್ಣಲ್ಲಿ ನೀರು ಬಂತು. ಹ್ಯಾರ್ಲನ್ನನ ಹೆಗಲ ಮೇಲೆ ಕೈ ಹಾಕಿ ನನ್ನ ಕಡೆ ತಿರುಗಿ, "ನೋಡಿದ್ಯಾ ಲೊರೇನ್, ಎಂಥಾ ಮನುಷ್ಯ!" ಅಂದ. "ಆ ಹುಡುಗಿಗೋಸ್ಕರ ಕಥೆ ಕಟ್ಟಿ ತನ್ನ ಹೆಸರನ್ನೇ ಬಿಟ್ಟುಕೊಡ್ತಾನಂತೆ. ಇವನ ಹೆಸರು ಹಾಕದೆ ಇನ್ಯಾರದು ಹಾಕೋದು!"

"ಕಥೆಯಲ್ಲ ಡೆನಿಸ್, ನಾನು ನೋಡಿದೀನಿ," ಅಂದೆ.

"ಹೆಂಡತೀನೂ ಸರಿಯಾಗೇ ಸಿಕ್ಕಿದಾಳೆ," ಅಂತ ಕಣ್ಣು ಮಿಟುಕಿಸಿ ಹೋದ.

ಅಕ್ಷರಗಳು ಮೇ ತಿಂಗಳಲ್ಲಿ ಏರಿದವು. ಬ್ರಿಟಾ ಪದವಿ ತಗೊಂಡು ಮನೆಗೆ ಹೋದಳು, ಈಜು ಬಿಟ್ಟಳಂತೆ. ಹ್ಯಾರ್ಲನ್ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನೋಡಿದ. ತಂಡದ ಹುಡುಗಿಯರಿಗೆ ಹೇಳಿದ, ಪಾದ್ರಿಗೆ ಹೇಳಿದ. ಎಲ್ಲರೂ ಅವನ ಕೈ ಹಿಡಿದು ತಲೆ ಅಲ್ಲಾಡಿಸುತ್ತಾರೆ, ನೀವು ದೊಡ್ಡವರು ಕೋಚ್ ಅನ್ನುತ್ತಾರೆ. ಈಗ ಹೇಳುವುದನ್ನು ಬಿಟ್ಟಿದ್ದಾನೆ. ಬೆಳಗಿನ ಜಾವ ಕೆಲಸಕ್ಕೆ ಹೋಗುವಾಗ ಕಟ್ಟಡವನ್ನು ಸುತ್ತಿಕೊಂಡು, ಪಂಪಿನ ಕೋಣೆಯ ಪಕ್ಕದ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾನೆ. ಈ ವರ್ಷದಿಂದ ಹಲಗೆ ಹಿಡಿಯೋದು ಹುಡುಗಿಯರೇ. ಮಂಡಿ ದಿಂಬು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದಿದೆ, ಅದನ್ನು ಒಳಗೆ ತರೋಕೆ ನನಗೂ ಮನಸ್ಸಿಲ್ಲ, ಅವನೂ ಮುಟ್ಟಲ್ಲ.